ಬರೀ ನೆಗಡಿ

ಹೋದ ತಿಂಗಳು ನಮ್ಮ ಪಕ್ಕದ ಮನೆ ಖಾಲಿಯಾಯಿತು. ಹೊಲಿಗೆ ಮೆಷಿನ್ನು, ಎರಡು ಬೀರು, ಸುತ್ತಿದ ಹಾಸಿಗೆಗಳನ್ನು ಟೆಂಪೊಗೆ ಹೇರಿಸಿಕೊಂಡು ಆಪಾ ಮೈಸೂರಿಗೆ ಹೊರಟುಹೋದರು. ಆಪಾ ಅಂದರೆ ಉರ್ದುವಿನಲ್ಲಿ ಅಕ್ಕ. ತಿಪಟೂರಿನ ನಮ್ಮ ಬೀದಿಯಲ್ಲಿ ಚಿಕ್ಕವರು ದೊಡ್ಡವರು ಎಲ್ಲರೂ ಹಾಗೇ ಕರೆಯುತ್ತಿದ್ದರು. ವಯಸ್ಸಿನಲ್ಲಿ ಅವರಿಗಿಂತ ದೊಡ್ಡವಳಾದ ನಾನೂ ಹಾಗೇ ಕರೆದೆ. ಹೆಸರು ಹಿಡಿದು ಕರೆದವರಿಲ್ಲ, ಇಲ್ಲಿ ನಾನೂ ಬರೆಯುವುದಿಲ್ಲ. ಬೀದಿಯವರ ಲೆಕ್ಕದಲ್ಲಿ ಆಪಾ ಒಳ್ಳೆಯ ಟೈಲರು, ಒರಟು ಹೆಂಗಸು. ಹತ್ತು ಜನ ಇರುವ ಕಡೆ ಕಾಲಿಡದವರು, ತಮ್ಮ ಮನೆಯೊಳಕ್ಕೆ ಯಾರನ್ನೂ ಬಿಟ್ಟುಕೊಳ್ಳದವರು. ನಾನು ಕಂಡ ಆಪಾ ಬೇರೆ.

ನಾವು ಮನೆ ಕಟ್ಟಿ ಆ ಬೀದಿಗೆ ಬಂದ ಹೊಸತು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಪಕ್ಕದ ಮನೆಯಿಂದ ಧಪ್ ಧಪ್ ಎಂದು ಬಡಿಯುವ ಸದ್ದು ಕೇಳುತ್ತಿತ್ತು. ನಡುನಡುವೆ ಮಗುವಿನ ಕೆಮ್ಮು. ಸದ್ದು ನಿಲ್ಲುವುದು, ಕೆಮ್ಮು ಏಳುವುದು, ಮತ್ತೆ ಸದ್ದು. ನಮ್ಮತ್ತೆ ಕೇಳಿ ಕೇಳಿ ಸಾಕಾಗಿ ಒಂದು ಸಂಜೆ ನನ್ನ ಮೇಲೆ ರೇಗಿದರು.

"ಯಾವಳೋ ಮಗೀನ ದಿನಾ ಹಿಂಗೆ ಬಡೀತವ್ಳಲ್ಲೇ! ನೀನು ಇಸ್ಕೂಲ್ ಟೀಚರ್ ಅಲ್ವೇನೇ? ಹೋಗಿ ಕೇಳೇ."

ಹೋದೆ. ಗೇಟಿನ ಹತ್ತಿರ ನಿಂತು ಕೂಗಿದಾಗ ಆಪಾ ಬಾಗಿಲಿಗೆ ಬಂದರು. ತೆಳ್ಳಗಿನ, ಎತ್ತರದ ಹೆಂಗಸು. ಕೊರಳಿಗೆ ಅಳತೆಯ ಟೇಪು ಹಾಗೇ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಕೇಳಿದರು.

"ನಿಮಗೆ ನೆಗಡಿ ಐತಾ?"

"ಇಲ್ಲ."

"ಮನೇಲಿ ಯಾರಿಗಾದ್ರೂ? ಕೆಮ್ಮು, ಗಂಟಲುನೋವು?"

"ಇಲ್ಲಮ್ಮ, ಯಾರಿಗೂ ಇಲ್ಲ."

"ಕೈ ತೊಳ್ಕೊಂಡು ಬನ್ನಿ. ಅಲ್ಲೇ ನಲ್ಲಿ ಐತೆ."

ಒಳಗೆ ಮಂಚದ ಮೇಲೆ ಎರಡು ದಿಂಬು ಪೇರಿಸಿ, ಅದರ ಮೇಲೆ ಸೊಂಟ ಬರುವ ಹಾಗೆ ಒಂದು ಪುಟ್ಟ ಹುಡುಗಿಯನ್ನು ಬೋರಲಾಗಿ ಮಲಗಿಸಿದ್ದರು. ತಲೆ ಕೆಳಮುಖವಾಗಿತ್ತು. ಆಪಾ ಪಕ್ಕದಲ್ಲಿ ಕುಳಿತು ಅಂಗೈಯನ್ನು ಬಟ್ಟಲಿನಂತೆ ಮಾಡಿ ಅವಳ ಬೆನ್ನಿನ ಮೇಲೆ ತಟ್ಟತೊಡಗಿದರು. ಅದೇ ಸದ್ದು. ಹುಡುಗಿ ಕತ್ತು ಹೊರಳಿಸಿ ನನ್ನನ್ನು ನೋಡಿ ನಕ್ಕಳು.

"ಹೊಡೀತಾ ಇಲ್ಲ ಟೀಚರ್, ಕಫ ಅಲುಗಿಸ್ತಿದೀನಿ" ಎಂದರು ಆಪಾ. "ನಿಮ್ಮ ಮಕ್ಕಳ ಕಫ ನೀರು ಥರ. ಸೀತ್ರೆ ಹೋಯ್ತು. ಇವಳದ್ದು ಹಲಸಿನಕಾಯಿ ಅಂಟು. ತಟ್ಟಿ ತಟ್ಟಿ ಕಿತ್ತು ತೆಗೀಬೇಕು. ತೆಗೀದೇ ಹೋದ್ರೆ ಒಳಗೇ ಕೊಳೀತದೆ."

ಅವತ್ತು ನಾನು ಮೊದಲ ಸಲ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹೆಸರು ಕೇಳಿದ್ದು. ಹುಟ್ಟಿನಿಂದಲೇ ಬರುವ ಕಾಯಿಲೆ. ಮೈಯೊಳಗಿನ ಲೋಳೆಯೆಲ್ಲ ಗಟ್ಟಿಯಾಗಿ ಅಂಟಂಟಾಗುತ್ತದೆ. ಶ್ವಾಸನಾಳದಲ್ಲಿ ಕಫ ಹಿಡಿದುಕೊಳ್ಳುತ್ತದೆ, ಹೊಟ್ಟೆಯಲ್ಲಿ ಅನ್ನ ಅರಗುವುದಿಲ್ಲ. ಪ್ರತಿ ಊಟದ ಜೊತೆಗೂ ಆ ಹುಡುಗಿ ಮಾತ್ರೆ ನುಂಗಬೇಕಿತ್ತು. ಬೆವರು ಮಾತ್ರ ಎಲ್ಲರಿಗಿಂತ ಉಪ್ಪು. ಬೇಸಿಗೆಯಲ್ಲಿ ಅವಳ ಹಣೆಯ ಮೇಲೆ ಉಪ್ಪು ಬೆಳ್ಳಗೆ ಹುಡಿಯಾಗಿ ಕೂತಿರುತ್ತಿದ್ದುದನ್ನು ಆಮೇಲೆ ನಾನೇ ನೋಡಿದೆ.

ಈ ಹುಡುಗಿಗೂ ಮೊದಲು ಆಪಾಗೆ ಒಂದು ಗಂಡು ಮಗು ಹುಟ್ಟಿತ್ತು. ಅದನ್ನು ಹೇಳಿದ್ದು ತುಂಬಾ ದಿನಗಳ ಮೇಲೆ, ನನ್ನ ರವಿಕೆಗೆ ಗುಂಡಿ ಹಚ್ಚುತ್ತಾ, ತಲೆ ಎತ್ತದೆ.

"ವರ್ಷ ತುಂಬಿರಲಿಲ್ಲ. ಮೂಗು ಸೋರ್ತಿತ್ತು. ಎಲ್ಲಾರೂ ಬರೀ ನೆಗಡಿ, ಹೋಗ್ತದೆ ಬುಡು ಅಂದ್ರು. ನಾನೂ ಹಂಗೇ ಅಂದ್ಕೊಂಡೆ. ಆಮೇಲೆ ಎದೆ ಗೊರಗೊರ ಅನ್ನೋಕೆ ಶುರುವಾಯ್ತು. ಆಸ್ಪತ್ರೆಗೆ ಹೋಗೋವಷ್ಟರಲ್ಲಿ ಹೋಗ್ಬುಟ್ಟ. ನ್ಯುಮೋನಿಯಾ ಅಂದ್ರು." ದಾರವನ್ನು ಹಲ್ಲಿನಿಂದ ಕಡಿದರು. "ಅವನಿಗೆ ಮುತ್ತು ಕೊಟ್ರೂ ಉಪ್ಪುಪ್ಪು ಇತ್ತು ಟೀಚರ್. ಇವಳು ಹುಟ್ಟಿ, ಇವಳ ಕಾಯಿಲೆಗೆ ಡಾಕ್ಟರು ಹೆಸರು ಹೇಳಿದ ದಿವಸ ಅದು ನೆನಪಾಯ್ತು."

ಆಪಾ ಎದುರಿಗೆ ಯಾರೂ 'ಬರೀ ನೆಗಡಿ' ಅನ್ನುವ ಹಾಗಿರಲಿಲ್ಲ. ಅಂದವರಿಗೆ ಬಟ್ಟೆ ವಾಪಸು ಬರುತ್ತಿತ್ತು, ಹೊಲಿಯದೆ.

ಅವರ ಗಂಡ ಲಾರಿ ಡ್ರೈವರ್. ತಿಪಟೂರಿನ ಕೊಬ್ಬರಿ ಹೇರಿಕೊಂಡು ಉತ್ತರದ ಕಡೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಮನೆ, ಮೆಷಿನ್ನು, ಮಗಳು ಎಲ್ಲ ಆಪಾ ಮೇಲೇ. ಗೇಟಿಗೆ ಒಂದು ದೊಡ್ಡ ಬಟ್ಟೆಯ ಚೀಲ ನೇತುಹಾಕಿದ್ದರು. ಹೊಲಿಯಲು ಕೊಡುವವರು ಅದರಲ್ಲಿ ಹಾಕಬೇಕು, ಅಳತೆಗೆ ಹಳೆಯ ರವಿಕೆ ಇಡಬೇಕು, ಮಾತಾಡುವುದಿದ್ದರೆ ರಸ್ತೆಯಲ್ಲಿ ನಿಂತು ಮಾತಾಡಬೇಕು. ಮನೆಯ ಸುತ್ತ ಯಾರೂ ತೆಂಗಿನ ಮಟ್ಟೆ, ಗರಿ ಸುಟ್ಟು ಹೊಗೆ ಎಬ್ಬಿಸಬಾರದು. ಅದಕ್ಕಾಗಿ ಬೀದಿಯಲ್ಲಿ ಜಗಳ ಆಡಿದ್ದರು. ಕಾಯಿ ಊರಿನಲ್ಲಿ ಮಟ್ಟೆ ಸುಡಬೇಡಿ ಎಂದರೆ ಯಾರು ಕೇಳುತ್ತಾರೆ? ಆಪಾ ಕೇಳಿಸಿದ್ದರು.

ನಾನಂತೂ ಅವರ ಕಣ್ಣಿಗೆ ಬೀದಿಯಲ್ಲೇ ಅಪಾಯದ ಹೆಂಗಸು. ದಿನಾ ಒಂದು ಶಾಲೆ ತುಂಬ ಮಕ್ಕಳ ನಡುವೆ ಕುಳಿತು ಬರುವವಳು. ಸಂಜೆ ನಾನು ಬರುವುದನ್ನೇ ಕಾದು ಕಾಂಪೌಂಡಿನ ಆಚೆಯಿಂದ ಕೇಳುತ್ತಿದ್ದರು.

"ಟೀಚರ್, ಇವತ್ತು ನಿಮ್ಮ ಕ್ಲಾಸಲ್ಲಿ ಎಷ್ಟು ಮೂಗು ಸೋರ್ತಿತ್ತು?"

ನಾನು ನಗುತ್ತಿದ್ದೆ. ಅವರು ನಗುತ್ತಿರಲಿಲ್ಲ. ಮೂಗು ಜಾಸ್ತಿ ಸೋರಿದ ದಿನ ಅವರ ಮಗಳಿಗೆ ಪಾಠ ಹೇಳಿಕೊಡಲು ನಾನು ಹೋಗುವಂತಿಲ್ಲ. ಶಾಲೆಗೆ ಕಳಿಸದೆ ಆ ಹುಡುಗಿಗೆ ಆಪಾ ಮನೆಯಲ್ಲೇ ಓದು ಬರಹ ಕಲಿಸುತ್ತಿದ್ದರು. ಕನ್ನಡ, ಲೆಕ್ಕ ನನ್ನ ಪಾಲಿಗೆ ಬಂದಿತ್ತು.

ಒಂದು ಸಂಕ್ರಾಂತಿಗೆ ದೊಡ್ಡ ರಾದ್ಧಾಂತವೇ ಆಯಿತು. ನಮ್ಮತ್ತೆ ಹೊಸ ಸೀರೆ ಉಟ್ಟು ತಟ್ಟೆಯಲ್ಲಿ ಎಳ್ಳು ಬೆಲ್ಲ, ಕಬ್ಬು, ಬಾಳೆಹಣ್ಣು ಇಟ್ಟುಕೊಂಡು ಪಕ್ಕದ ಮನೆಗೆ ಹೋದರು. ಗೇಟಿನ ಹತ್ತಿರ ಅವರಿಗೆ ಸೀನು ಬಂತು. ಆಪಾ ಒಳಗಿನಿಂದಲೇ ಕೈ ಅಡ್ಡ ಹಿಡಿದು, "ಬೇಡ ಅಮ್ಮ, ಹೋಗಿ, ಹೋಗಿ" ಎಂದು ಬಾಗಿಲು ಹಾಕಿಕೊಂಡರು. ಅತ್ತೆ ತಟ್ಟೆ ಹಿಡಿದು ವಾಪಸು ಬಂದರು.

"ನಮ್ಮ ಹಬ್ಬದ ಎಳ್ಳು ಅವಳಿಗೆ ಬ್ಯಾಡ್ವಂತೆ ಕಣೇ. ನಾಯೀನ ಅಟ್ಟಿದಂಗೆ ಅಟ್ಟುಬುಟ್ಲು."

ಮಧ್ಯಾಹ್ನದ ಹೊತ್ತಿಗೆ ಆ ಮಾತು ಬೀದಿಯಲ್ಲಿ ಬೇರೆ ಬಣ್ಣ ಪಡೆಯಿತು. ನಮ್ಮ ಹಬ್ಬಕ್ಕೆ ಅವಮಾನ ಮಾಡಿದಳು, ಈ ಜನವೇ ಹೀಗೆ ಎಂದು ಜಗಲಿಗಳ ಮೇಲೆ ಕೂತವರು ಶುರು ಮಾಡಿದರು. ಯಾರೋ ಇಬ್ಬರು ಅವರ ಗೇಟಿನ ಮುಂದೆ ನಿಂತು ಬೇಕೆಂದೇ ಜೋರಾಗಿ ಕೆಮ್ಮಿ ಹೋದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಹೋಗಿ ಅತ್ತೆಗೆ ಎಲ್ಲವನ್ನೂ ಹೇಳಿದೆ. ಸತ್ತ ಮಗುವಿನ ವಿಷಯವನ್ನೂ ಹೇಳಿದೆ. ಅತ್ತೆ ಕೇಳಿಸಿಕೊಂಡರು. ವಾರ ಕಳೆದು ಸೀನು ನಿಂತ ಮೇಲೆ ಮತ್ತೆ ಅದೇ ತಟ್ಟೆ ಹಿಡಿದು ಗೇಟಿಗೆ ಹೋದರು.

"ನೆಗಡಿ ವಾಸಿಯಾಯ್ತು ಕಣವ್ವ. ಈಗ್ಲಾದ್ರೂ ಈಸ್ಕೋತೀಯೋ?"

ಆಪಾ ಓಡಿ ಬಂದು ಎರಡೂ ಕೈಯಲ್ಲಿ ತಟ್ಟೆ ಈಸಿಕೊಂಡು ಅಲ್ಲೇ ನಿಂತು ಅತ್ತುಬಿಟ್ಟರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕೊರೊನಾ ಕಾಲ ಬಂತು. ಇಡೀ ಊರು ಮೂಗು ಬಾಯಿ ಮುಚ್ಚಿಕೊಂಡಿತು, ಎಲ್ಲರೂ ದೂರ ದೂರ ನಿಂತರು. ಆಪಾ ಹೊಲಿದ ಮಾಸ್ಕು ಬೀದಿಯ ಎಲ್ಲರ ಮುಖದ ಮೇಲೂ ಇತ್ತು. ಆ ದಿನಗಳಲ್ಲಿ ಅವರ ಮಗಳಿಗೆ ಒಂದು ನೆಗಡಿಯೂ ಬರಲಿಲ್ಲ. ಕೆನ್ನೆ ತುಂಬಿಕೊಂಡಿತು. ಮಹಡಿಯ ಮೇಲೆ ಹಗ್ಗದಾಟ ಆಡುತ್ತಿದ್ದಳು. ಆಪಾ ಒಮ್ಮೆ ಕಾಂಪೌಂಡಿನ ಹತ್ತಿರ ಬಂದು, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ದನಿ ತಗ್ಗಿಸಿ ಹೇಳಿದರು.

"ಹೇಳಬಾರದು ಟೀಚರ್, ಜನ ಸಾಯ್ತವ್ರೆ. ಆದ್ರೆ ನಮ್ಮನೇಲಿ ಇಷ್ಟು ನೆಮ್ಮದಿ ಯಾವತ್ತೂ ಇರಲಿಲ್ಲ. ನಾನು ಎಂಥ ಪಾಪಿ ನೋಡಿ."

ಮಾಸ್ಕು ಹೋದವು. ಮದುವೆ, ಮುಂಜಿ, ಶಾಲೆ ಎಲ್ಲ ಶುರುವಾದವು. ಅದುಮಿಟ್ಟಿದ್ದ ನೆಗಡಿಗಳೆಲ್ಲ ಒಟ್ಟಿಗೆ ಎದ್ದು ಬಂದಂತೆ ನನ್ನ ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳು ಕೆಮ್ಮುತ್ತಿದ್ದರು. ಗೇಟಿನಲ್ಲಿ ಆಪಾರ ಪ್ರಶ್ನೆಗಳು ಮತ್ತೆ ಬಿಗಿಯಾದವು. ಆ ಚಳಿಗಾಲದಲ್ಲಿ ಹುಳಿಯಾರಿನಲ್ಲಿ ಅವರ ಕೊನೆಯ ತಂಗಿಯ ಮದುವೆ ನಿಶ್ಚಯವಾಯಿತು. ತಾಯಿ ಇಲ್ಲದ ತಂಗಿಯನ್ನು ಎತ್ತಿ ಆಡಿಸಿದವರು ಇವರೇ. ಹೋಗದೆ ಇರುವ ಹಾಗಿರಲಿಲ್ಲ. ಗಂಡ ಮನೆಯಲ್ಲಿದ್ದ ದಿನವಾದ್ದರಿಂದ ಮಗಳನ್ನು ಅವರಿಗೆ ಒಪ್ಪಿಸಿ ಒಬ್ಬರೇ ಹೋಗಿ, ಅದೇ ಸಂಜೆ ಬಂದರು. ಮದುವೆಮನೆಯಲ್ಲಿ ಮಾಸ್ಕು ಹಾಕಿಕೊಂಡೇ ಇದ್ದರಂತೆ. ತಂಗಿ ಬೀಳ್ಕೊಡುವಾಗ ಕೊರಳಿಗೆ ಬಿದ್ದು ಅಳುತ್ತಾ, "ಒಂದ್ಸಲ ನಿನ್ನ ಮುಖ ಸರಿಯಾಗಿ ತೋರ್ಸು ಆಪಾ" ಅಂದಳಂತೆ. ತೆಗೆದರು.

ಗಂಡ ಮಾರನೆಯ ದಿನ ಉತ್ತರದ ಕಡೆ ಲೋಡು ತೆಗೆದುಕೊಂಡು ಹೋದರು. ಅದರ ಮಾರನೆಯ ಬೆಳಿಗ್ಗೆ ನಾನು ರಂಗೋಲಿ ಇಡುತ್ತಿದ್ದಾಗ ಆಪಾ ಕಾಂಪೌಂಡಿನ ಆ ತುದಿಯಲ್ಲಿ, ಸಾಧ್ಯವಿದ್ದಷ್ಟು ದೂರ ನಿಂತು ಕರೆದರು. ಮುಖಕ್ಕೆ ಎರಡು ಮಾಸ್ಕು. ಅದರ ಮೇಲಿನ ಕಣ್ಣು ನೋಡಿ ನನಗೆ ಗಾಬರಿಯಾಯಿತು.

"ಟೀಚರ್, ನನಗೆ ಗಂಟಲು ಹಿಡಿದೈತೆ."

ಕೊಲೆ ಮಾಡಿದವರು ಠಾಣೆಯಲ್ಲಿ ನಿಂತು ಹೇಳುವ ದನಿ ಅದು.

"ಅವಳನ್ನ ನಿಮ್ಮ ಕೈಗೆ ಒಪ್ಪಿಸ್ತೀನಿ. ನಾನು ಆ ಮನೇಲಿ ಇರಬಾರದು. ನಂಗೆ ಒಂದು ಮೂಲೆ ಕೊಡಿ."

ನಮ್ಮ ಮನೆಯ ಹಿಂದೆ ಹೊನ್ನವಳ್ಳಿಯ ನಮ್ಮ ತೋಟದ ತೆಂಗಿನಕಾಯಿ ಹಾಕುವ ಒಂದು ಶೀಟಿನ ಕೋಣೆ ಇತ್ತು. ಅದರ ಕಿಟಕಿ ಆಪಾ ಮನೆಯ ಹಿತ್ತಿಲಿಗೆ ತೆರೆಯುತ್ತಿತ್ತು. ಅತ್ತೆ ಕಾಯಿಗಳನ್ನು ಒಂದು ಮೂಲೆಗೆ ಸರಿಸಿ ಚಾಪೆ ಹಾಸಿಕೊಟ್ಟರು. ನಾನು ಶಾಲೆಗೆ ರಜೆ ಹಾಕಿ ಆಪಾ ಮನೆ ಸೇರಿಕೊಂಡೆ. ಹುಡುಗಿಗೆ ಆಗ ಹತ್ತು ದಾಟಿತ್ತು. ಅವಳನ್ನು ಹಿಂಬಾಗಿಲ ಹತ್ತಿರದ ಮಂಚದಲ್ಲಿ ಮಲಗಿಸಿಕೊಂಡು ನಾನು ತಟ್ಟುವುದು, ಆಚೆ ಕಿಟಕಿಯಿಂದ ಆಪಾ ಹೇಳಿಕೊಡುವುದು.

"ಅಂಗೈ ಚಪ್ಪಟೆ ಮಾಡಬೇಡಿ, ಟೊಳ್ಳು ಸದ್ದು ಬರಬೇಕು. ಬೆನ್ನುಮೂಳೆ ಮೇಲೆ ಬೇಡ. ಪಕ್ಕೆಗೆ ಬನ್ನಿ. ಹೂಂ, ಅಲ್ಲೇ. ಈಗ ಬುಡಿ, ಅವಳು ಕೆಮ್ಮಲಿ."

ಹುಡುಗಿ ಕೆಮ್ಮಿ ಕಫ ಉಗಿದಾಗ, "ಬಣ್ಣ?" ಎಂದು ಕೇಳುತ್ತಿದ್ದರು. "ಬಿಳಿ" ಎಂದರೆ ಕಿಟಕಿಯ ಸರಳು ಹಿಡಿದಿದ್ದ ಕೈ ಸಡಿಲವಾಗುತ್ತಿತ್ತು.

ಆಪಾರ ಗಂಟಲುನೋವು ಎರಡು ದಿನದಲ್ಲಿ ಇಳಿಯಿತು. ಜ್ವರವೂ ಬರಲಿಲ್ಲ. ಬರೀ ನೆಗಡಿ. ನಾನು ಮನಸ್ಸಿನಲ್ಲೇ ಹಾಗೆ ಅಂದುಕೊಂಡು ನಾಲಿಗೆ ಕಚ್ಚಿಕೊಂಡೆ.

ಮಾರನೆಯ ದಿನ ಊಟದ ಹೊತ್ತಿಗೆ ಹುಡುಗಿ ಕೈ ತೊಳೆಯಲು ಹೋದವಳು ಬರಲೇ ಇಲ್ಲ. ಹೋಗಿ ನೋಡಿದರೆ ಬಚ್ಚಲುಮನೆಯಲ್ಲಿ ಲಂಗದ ಒಳಗಂಚಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಮೂಗಿನ ತುದಿ ಕೆಂಪಗಾಗಿತ್ತು. ಬೆಳಗಿನಿಂದ ಹೀಗೇ ಮುಚ್ಚಿಟ್ಟಿದ್ದಳು. ನನ್ನನ್ನು ನೋಡಿ ಓಡಿಬಂದು ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು.

"ಅಮ್ಮೀಗೆ ಹೇಳ್ಬೇಡಿ ಟೀಚರ್. ಅಮ್ಮೀಯಿಂದ ಬಂತು ಅಂತ ಗೊತ್ತಾದ್ರೆ ಅಮ್ಮೀ ಸತ್ತೇ ಹೋಗ್ತಾಳೆ."

"ಹೇಳದೆ ಹೋದರೆ ಆಗಲ್ಲ ಮಗಳೇ."

"ಒಂದಿನ. ಒಂದೇ ಒಂದಿನ ನೋಡಣ. ತಾನೇ ಹೋಗ್ತದೆ."

ಇಷ್ಟು ಹೇಳುವಷ್ಟರಲ್ಲಿ ಅವಳಿಗೆ ಕೆಮ್ಮು ಬಂತು. ದಿನಾ ಕೇಳುತ್ತಿದ್ದ ಒದ್ದೆ ಕೆಮ್ಮಲ್ಲ ಅದು. ಆಳದಿಂದ ಎದ್ದು, ಅರ್ಧದಲ್ಲಿ ಸಿಕ್ಕಿಹಾಕಿಕೊಂಡು, ಹೊರಬರಲಾಗದೆ ಒದ್ದಾಡುವ ಕೆಮ್ಮು. ಗೋಡೆಗೆ ಕೈ ಕೊಟ್ಟು ನಿಂತಳು. ನಾನು ಅವಳನ್ನು ಹಿಡಿದುಕೊಂಡು ಹಿತ್ತಿಲ ಬಾಗಿಲಿಗೆ ಬಂದರೆ, ಆಚೆ ಕಿಟಕಿಯಲ್ಲಿ ಯಾರೂ ಇರಲಿಲ್ಲ. ಆಪಾ ಆಗಲೇ ಬುರ್ಖಾ ಹಾಕಿ, ಮೊದಲೇ ತಂದಿಟ್ಟುಕೊಂಡಿದ್ದ ಮಗಳ ಆಸ್ಪತ್ರೆ ಚೀಟಿಗಳ ಚೀಲ ಹೆಗಲಿಗೇರಿಸಿ ನಮ್ಮ ಅಂಗಳದಲ್ಲಿ ನಿಂತಿದ್ದರು. ಕೆಮ್ಮು ಕೇಳಿದ ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಎದೆಗೆ ಇಳೀತು" ಎಂದರು. "ಕಾರು ಕರೆಸಿ."

ಊರಿನ ಆಸ್ಪತ್ರೆಯಲ್ಲಿ ಬೆರಳಿಗೆ ಕ್ಲಿಪ್ಪು ಹಾಕಿ ನೋಡಿದರು. ಆಮ್ಲಜನಕ ಕಡಿಮೆ ಇತ್ತು. ಅಲ್ಲಿನ ಡಾಕ್ಟರು ಹೊತ್ತು ಕಳೆಯಲಿಲ್ಲ. ಅವಳನ್ನು ನೋಡುತ್ತಿದ್ದ ಬೆಂಗಳೂರಿನ ವೈದ್ಯೆಗೆ ತಾವೇ ಫೋನು ಮಾಡಿ, ಸಣ್ಣದೊಂದು ಆಕ್ಸಿಜನ್ ಸಿಲಿಂಡರು ಕೊಟ್ಟು ಕಳಿಸಿದರು. ಹಿಂದಿನ ಸೀಟಿನಲ್ಲಿ ನನ್ನ ಎದೆಗೆ ಒರಗಿ ಹುಡುಗಿ, ಮುಂದೆ ಆಪಾ. ಗಾಜು ಪೂರ್ತಿ ಇಳಿಸಿ, ಮುಖವನ್ನು ಹೊರಗೆ ಚಾಚಿ ಕುಳಿತಿದ್ದರು, ತಮ್ಮ ಉಸಿರು ಹಿಂದಕ್ಕೆ ಬಾರದಿರಲಿ ಎಂದು. ಚಳಿಗಾಳಿ ಹೊಡೆಯುತ್ತಿತ್ತು. ಗುಬ್ಬಿ ದಾಟುವವರೆಗೂ ಒಮ್ಮೆಯೂ ಹಿಂದೆ ತಿರುಗಲಿಲ್ಲ. ಕನ್ನಡಿಯಲ್ಲಿ ಮಾತ್ರ ನೋಡುತ್ತಿದ್ದರು.

"ತುಟಿ ಯಾವ ಬಣ್ಣ ಟೀಚರ್?"

"ಸ್ವಲ್ಪ ಕಪ್ಪಿಟ್ಟಿದೆ ಆಪಾ."

"ಉಗುರು?"

ನಾನು ಉಗುರು ನೋಡಿದೆ. ಅವಳ ಕೈಯನ್ನು ನನ್ನ ಸೆರಗಿನೊಳಗೆ ಮುಚ್ಚಿಕೊಂಡೆ. ಅವರು ಮತ್ತೆ ಕೇಳಲಿಲ್ಲ. ಡ್ರೈವರ್ ಕಡೆ ತಿರುಗಿ, "ಅಣ್ಣ, ಇನ್ನೊಂಚೂರು ಬೇಗ" ಎಂದರು. ತುಮಕೂರಿನ ಟ್ರಾಫಿಕ್ಕಿನಲ್ಲಿ ನಿಂತಾಗ ಹುಡುಗಿಯ ಪಕ್ಕೆಲುಬುಗಳು ನನ್ನ ಅಂಗೈ ಕೆಳಗೆ ಏಳುತ್ತಾ ಬೀಳುತ್ತಾ ಇದ್ದವು. ಒಂದೊಂದು ಉಸಿರನ್ನೂ ಅವಳು ಬಾವಿಯಿಂದ ಸೇದಿ ಎಳೆಯುವಂತೆ ಎಳೆಯುತ್ತಿದ್ದಳು. ಮುಂದಿನ ಲಾರಿ ಜರುಗಲಿ ಎಂದು ನಾನು ನನಗೆ ಗೊತ್ತಿದ್ದ ದೇವರುಗಳನ್ನೆಲ್ಲ ಕರೆದೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ನೆಗಡಿ ಇದ್ದ ಆಪಾರನ್ನು ವಾರ್ಡಿಗೆ ಬಿಡಲಿಲ್ಲ. ಅಲ್ಲಿ ಬೇರೆ ಮಕ್ಕಳಿದ್ದರು. "ಸರಿ, ಬಿಡಬೇಡಿ" ಎಂದು ತಾವೇ ಹಿಂದೆ ಸರಿದು, ಕೆಳಗೆ ಗೇಟಿನ ಹತ್ತಿರದ ಕಲ್ಲುಬೆಂಚಿನ ಮೇಲೆ ಕುಳಿತರು. ಒಳಗೆ ನಾನೇ ಉಳಿದೆ. ಮೂಗಿಗೆ ಕೊಳವೆ, ಕೈಗೆ ಸೂಜಿ, ಪಕ್ಕದಲ್ಲಿ ಕೂಗುವ ಯಂತ್ರ. ಮೂಗಿನಿಂದ ಕಡ್ಡಿಯಲ್ಲಿ ತೆಗೆದ ದ್ರವದ ಪರೀಕ್ಷೆಯ ಫಲಿತಾಂಶ ಬಂತು. ಕೊರೊನಾ ಅಲ್ಲ, ಫ್ಲೂ ಅಲ್ಲ. ಯಾರಿಗೆ ಬೇಕಾದರೂ ಬಂದು ಹೋಗುವ ಮಾಮೂಲಿ ನೆಗಡಿಯ ವೈರಸ್ಸು.

ಆ ವೈದ್ಯೆ ತಾಳ್ಮೆಯ ಹೆಂಗಸು. ಕೆಳಗೆ ಬಂದು ಆಪಾ ಕುಳಿತಿದ್ದ ಬೆಂಚಿನಿಂದ ಮಾರುದೂರ ನಿಂತು ವಿವರಿಸಿದರು. ನಮಗೆಲ್ಲ ಈ ವೈರಸ್ಸು ಬಂದರೆ ಮೂಗಿನಲ್ಲೇ ಹೆಚ್ಚು ಕಡಿಮೆ ಮುಗಿದುಹೋಗುತ್ತದೆ. ಶ್ವಾಸನಾಳದ ಒಳಮೈಯಲ್ಲಿ ಕೂದಲಿಗಿಂತ ಸಣ್ಣ ಎಳೆಗಳಿವೆ, ಅವು ಕಸ ಗುಡಿಸಿದ ಹಾಗೆ ಕಫವನ್ನು ಮೇಲಕ್ಕೆ ತಳ್ಳುತ್ತವೆ. ಈ ಮಕ್ಕಳಲ್ಲಿ ಕಫ ಅಂಟಾಗಿ ಆ ಎಳೆಗಳು ಮೊದಲೇ ಸೋತಿರುತ್ತವೆ. ವೈರಸ್ಸು ಬಂದು ಆ ಒಳಮೈಯನ್ನೇ ಸುಲಿಯುತ್ತದೆ. ಅದನ್ನು ಎದುರಿಸುವ ಶಕ್ತಿಯೂ ಆ ನಾಳಗಳಲ್ಲಿ ಕಡಿಮೆ.

"ವೈರಸ್ ಒಂದೆರಡು ವಾರದಲ್ಲಿ ಹೋಗುತ್ತಮ್ಮ. ಆದರೆ ಅದು ಹೋಗುವಾಗ ಬಾಗಿಲು ತೆಗೆದಿಟ್ಟು ಹೋಗುತ್ತೆ. ಇವಳ ಕಫದಲ್ಲಿ ಬ್ಯಾಕ್ಟೀರಿಯಾ ಮೊದಲಿನಿಂದಲೂ ಮನೆ ಮಾಡಿಕೊಂಡು ಕೂತಿದ್ದವಲ್ಲ, ಈಗ ಅವು ಬೆಳೀತಾ ಇವೆ. ನಾವು ಹೋರಾಡ್ತಿರೋದು ಅವುಗಳ ಜೊತೆ."

"ನಾನು ಸೂಜಿ ಹಾಕಿಸ್ಕೊಂಡಿದ್ರೆ ತಪ್ಪುತ್ತಿತ್ತಾ ಮೇಡಂ?"

"ಈ ನೆಗಡಿಗೆ ಲಸಿಕೆ ಇಲ್ಲಮ್ಮ. ನಿಮ್ಮದೇನೂ ತಪ್ಪಿಲ್ಲ."

ವೈದ್ಯೆ ಹೋದ ಮೇಲೆ ಆಪಾ ನನ್ನ ಕಡೆ ನೋಡದೆ ಹೇಳಿದರು. "ಗೇಟಲ್ಲಿ ನಿಂತು ಊರಿಗೂರನ್ನೇ ಕೇಳ್ದೆ. ನನ್ನನ್ನ ಯಾರೂ ಕೇಳಲಿಲ್ಲ ಟೀಚರ್."

ಎರಡು ದಿನ ಉಸಿರಾಟ ಇಳಿಮುಖವಾಗಿಯೇ ಇತ್ತು. ಉಸಿರಾಡಿಸುವ ದೊಡ್ಡ ಯಂತ್ರಕ್ಕೆ ಹಾಕಬೇಕಾಗಬಹುದು, ಹಾಕಿದರೆ ಇಂಥ ಶ್ವಾಸಕೋಶವನ್ನು ಅದರಿಂದ ಬಿಡಿಸುವುದು ಕಷ್ಟ ಎಂದು ವೈದ್ಯೆ ನನಗೆ ಹೇಳಿದರು. ಅದನ್ನು ಕೆಳಗೆ ಹೋಗಿ ನಾನು ಹೇಳಬೇಕಿತ್ತು. ಹೇಳಿದೆ. ಆಪಾ "ಇವತ್ತು ಎಷ್ಟು ಸಲ ತಟ್ಟಿದ್ರಿ?" ಎಂದರು. ನರ್ಸು ತಟ್ಟುತ್ತಾರೆ ಎಂದೆ. "ಅವರ ಕೈ ಅವಳಿಗೆ ಹೊಸದು. ನೀವೂ ತಟ್ಟಿ." ಫಿಸಿಯೋಥೆರಪಿಯವರನ್ನು ಕೇಳಿಕೊಂಡು ಅವರ ಜೊತೆ ನಾನೂ ತಟ್ಟಿದೆ. ವಿಡಿಯೊ ಕರೆಯಲ್ಲಿ ಆಪಾ ನೋಡುತ್ತಿದ್ದರು. ಹುಡುಗಿ ಕಣ್ಣು ತೆರೆದಾಗಲೆಲ್ಲ ಪರದೆಯ ಮೇಲೆ ತಾಯಿಯ ಮುಖ ಇರುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ಒಂದು ದೊಡ್ಡ ಕೆಮ್ಮು ಬಂದು, ಹಸಿರು ಕಫದ ಗಟ್ಟಿ ಮುದ್ದೆಯೊಂದು ಕಿತ್ತು ಬಂತು. ಅದನ್ನು ಕಂಡು ನಾನು ಸಂತೋಷದಿಂದ ಕೂಗಿದೆ. ಅಂಥದ್ದನ್ನು ಕಂಡು ಸಂತೋಷಪಡುವ ಕಾಲ ನನಗೆ ಬಂದೀತೆಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಅಲ್ಲಿಂದ ಉಸಿರು ನಿಧಾನವಾಗಿ ಮೇಲೆ ಬಂತು.

ವಾರಗಳು ಕಳೆದು ಮನೆಗೆ ಬಿಡುವ ಮೊದಲು ಕೊಳವೆಯೊಳಕ್ಕೆ ಊದಿಸಿ ಉಸಿರಿನ ಬಲ ಅಳೆದರು. ಮೊದಲಿದ್ದಷ್ಟು ಬರಲಿಲ್ಲ. "ಕಳೆದದ್ದು ಪೂರ್ತಿ ವಾಪಸ್ ಬರಲಿಕ್ಕಿಲ್ಲ. ಇರೋದನ್ನ ಉಳಿಸಿಕೊಳ್ಳೋಣ" ಎಂದರು ವೈದ್ಯೆ. ಇನ್ನು ಮುಂದೆ ನೆಗಡಿಯ ಮೊದಲ ಸುಳಿವು ಕಂಡ ಕೂಡಲೇ ಏನು ಮಾಡಬೇಕೆಂದು ತಿಳಿಸಿದರು. ಕಾಯಬಾರದು, ತಟ್ಟುವುದನ್ನು ಹೆಚ್ಚಿಸಬೇಕು, ಅವರಿಗೆ ಫೋನು ಮಾಡಿ ಮಾತ್ರೆ ಶುರು ಮಾಡಬೇಕು.

ಊರಿಗೆ ಬಂದ ಮೇಲೆ ಆಪಾ ಸ್ವಂತ ಮಗಳ ಹತ್ತಿರ ಮಾಸ್ಕಿಲ್ಲದೆ ಹೋಗಲಿಲ್ಲ. ಮುತ್ತು ಕೊಡುವುದನ್ನು ಬಿಟ್ಟರು. ಆ ಹುಡುಗಿ ಒಂದು ದಿನ ನನ್ನ ಎದುರಿಗೇ ಕೇಳಿದಳು.

"ಅಮ್ಮೀ, ನಾನು ಟೀಚರ್ ಇಸ್ಕೂಲಿಗೆ ಹೋಗ್ತೀನಿ."

"ಏನಂದೆ? ಹುಚ್ಚು ಹಿಡಿದೈತಾ ನಿಂಗೆ?"

"ಇಷ್ಟು ದಿನ ಮನೇಲೇ ಇದ್ನಲ್ಲ. ಬರಲಿಲ್ವಾ?"

ಆಪಾ ಎದ್ದು ಒಳಗೆ ಹೋದರು. ಹೋಗಲಿ ಎನ್ನಲು ನನಗೆ ಧೈರ್ಯವಿರಲಿಲ್ಲ, ಬೇಡ ಎನ್ನಲು ಆ ಹುಡುಗಿಯ ಮುಖ ಬಿಡಲಿಲ್ಲ. ಬಹಳ ದಿನ ಆ ಮಾತು ಆ ಮನೆಯಲ್ಲಿ ಏಳಲೇ ಇಲ್ಲ. ಜೂನಿನಲ್ಲಿ ಶಾಲೆ ಶುರುವಾದ ವಾರ, ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಆಪಾ ಮಗಳ ಕೈ ಹಿಡಿದು ನಮ್ಮ ಅಂಗಳಕ್ಕೆ ಬಂದರು. ಅಳತೆ ಸರಿಯಾಗಿ ಹೊಲಿದ ಸಮವಸ್ತ್ರ, ಎರಡು ಜಡೆ, ಮಾಸ್ಕು.

"ಕರ್ಕೊಂಡು ಹೋಗಿ ಟೀಚರ್. ಎಲ್ಲಾ ಬಾಗ್ಲೂ ಹಾಕಿದ್ದೆ, ನನ್ನ ಉಸಿರಲ್ಲೇ ಬಂತು. ಬಾಗ್ಲು ಹಾಕ್ಕೊಂಡೇ ಅವಳ ಆಯಸ್ಸು ಮುಗಿಸಿಬುಟ್ರೆ ನಾನು ಏನು ಕೊಟ್ಟಂಗಾಯ್ತು ಅವಳಿಗೆ?"

ಹೆಡ್ಮಾಸ್ಟರು ಕಿಟಕಿಯ ಪಕ್ಕದ ಜಾಗ ಕೊಟ್ಟರು. ಮಕ್ಕಳಿಗೆ ನಾನು ವಿಷಯ ಹೇಳಿದೆ. ಮೂಗು ಸೋರುವವರು ತಾವಾಗಿಯೇ ಎದ್ದು ಎದುರು ಗೋಡೆಯ ಕಡೆ ಹೋಗಿ ಕೂರುತ್ತಿದ್ದರು. ಯಾರಾದರೂ ಸೀನಿದರೆ ಇಡೀ ತರಗತಿ ಉಸಿರು ಬಿಗಿಹಿಡಿದು ಅವಳನ್ನೇ ನೋಡುತ್ತಿತ್ತು. ಅವಳು ಕಣ್ಣಲ್ಲೇ ನಕ್ಕ ಮೇಲೆ ಪಾಠ ಮುಂದುವರಿಯುತ್ತಿತ್ತು. ಮೊದಲ ಕೆಲ ದಿನ ಆಪಾ ಶಾಲೆಯ ಹೊರಗೆ ಹೊಂಗೆಮರದ ಕೆಳಗೆ ಕುಳಿತು ಕೈಹೊಲಿಗೆ ಹಾಕುತ್ತಿದ್ದರು. ಆಮೇಲೆ ಬರುವುದನ್ನು ಬಿಟ್ಟರು.

ದೀಪಾವಳಿ ಕಳೆದ ಮೇಲೆ ನೆಗಡಿ ಬಂದೇ ಬಂತು. ಈ ಸಲ ಹುಡುಗಿ ಮುಚ್ಚಿಡಲಿಲ್ಲ. ಶಾಲೆಯಿಂದ ಬಂದವಳು ನೇರವಾಗಿ ಹೇಳಿದಳು. "ಅಮ್ಮೀ, ಮೂಗು ಶುರುವಾಯ್ತು." ಆಪಾ ಮೆಷಿನ್ನು ನಿಲ್ಲಿಸಿ ಎದ್ದರು. ಫೋನು, ಮಾತ್ರೆ, ಉಪ್ಪುನೀರಿನ ಹಬೆ. ದಿನಕ್ಕೆ ಎರಡಿದ್ದದ್ದು ನಾಲ್ಕು ಸಲ ತಟ್ಟುವುದು. ಎರಡು ಸಲ ಅವರು, ಎರಡು ಸಲ ನಾನು. ಮಾತು ಕಡಿಮೆಯಾಯಿತು. ಇಬ್ಬರೂ ಕೆಮ್ಮನ್ನೇ ಕೇಳುತ್ತಿದ್ದೆವು. ಪ್ರತಿ ಕೆಮ್ಮಿಗೂ ಆಪಾ ತಲೆ ಓರೆ ಮಾಡಿ, ಅದು ಎಲ್ಲಿಂದ ಬಂತೆಂದು ತೂಗುವಂತೆ ಕೇಳಿಸಿಕೊಂಡು, "ಇನ್ನೂ ಮೇಲೇ ಐತೆ" ಎನ್ನುತ್ತಿದ್ದರು. ಒಂದು ದಿನ ಕಫ ಹಳದಿಗೆ ತಿರುಗಿತು. ಅವತ್ತು ಔಷಧಿ ಚೀಲ ತುಂಬಿ ಬಾಗಿಲ ಹತ್ತಿರ ಇಟ್ಟುಕೊಂಡರು. ನಾನು ಕಾರಿನವನಿಗೆ ಹೇಳಿಟ್ಟೆ. ಅತ್ತೆ ದೇವರ ಮುಂದೆ ತುಪ್ಪದ ದೀಪ ಹಚ್ಚಿ ಕೂತರು. ಹಳದಿ ಕಡುವಾಗಲಿಲ್ಲ. ಮೆಲ್ಲಗೆ ತಿಳಿಯಾಗುತ್ತಾ ಬಂತು. ಕೆಮ್ಮು ಎದೆಗೆ ಇಳಿಯಲಿಲ್ಲ.

ಅದಾದ ಮೇಲೂ ಅವಳಿಗೆ ನೆಗಡಿಗಳು ಬಂದವು. ಹೆಚ್ಚಿನವು ಹಾಗೇ ಹೋದವು. ಒಂದು ಮತ್ತೆ ಆಸ್ಪತ್ರೆ ಹತ್ತಿಸಿ, ಉಳಿದ ಉಸಿರಿನಲ್ಲಿ ಒಂದಿಷ್ಟು ಕಿತ್ತುಕೊಂಡು ಹೋಯಿತು. ಈಗ ಮೈಸೂರಿನಲ್ಲಿ ಹೈಸ್ಕೂಲಿಗೆ ಸೇರಿದ್ದಾಳೆ. ಮುಂದೆ ಏನೋ, ಯಾರೂ ಹೇಳಲಾರರು. ಆದರೆ ಆಪಾ ಎಂದರೆ ನನಗೆ ನೆನಪಾಗುವುದು, ದೀಪಾವಳಿಯ ಆ ನೆಗಡಿಯಲ್ಲಿ ಕಫ ತಿಳಿಯಾದ ಮಾರನೆಯ ಮಧ್ಯಾಹ್ನ.

ಭಾನುವಾರ. ತಟ್ಟುವ ಹೊತ್ತಿಗೆ ನಾನು ಒಳಗೆ ಹೋದೆ. ಆಪಾ ನೆಲದ ಮೇಲೆ, ಚಾಪೆಯೂ ಇಲ್ಲದೆ, ಅರ್ಧ ಹೊಲಿದ ಯಾರದೋ ಲಂಗದ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋಗಿದ್ದರು. ಬಾಯಿ ತುಸು ತೆರೆದಿತ್ತು, ಮಾಸ್ಕು ಇರಲಿಲ್ಲ. ಅಷ್ಟು ವರ್ಷಗಳಲ್ಲಿ ಅವರು ನಿದ್ದೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ಪಕ್ಕದಲ್ಲಿ ಗೋಡೆಗೊರಗಿ ಕುಳಿತ ಹುಡುಗಿ ಕೊಬ್ಬರಿ ಬೆಲ್ಲ ತಿನ್ನುತ್ತಿದ್ದಳು. ನಾನು ಮಾತಾಡಲು ಹೋದಾಗ ತುಟಿಯ ಮೇಲೆ ಬೆರಳಿಟ್ಟಳು.

"ಬೆಳಿಗ್ಗೆ ಮುತ್ತು ಕೊಟ್ಳು ಟೀಚರ್" ಎಂದಳು ಪಿಸುದನಿಯಲ್ಲಿ. "ಉಪ್ಪು ಜಾಸ್ತಿಯಾಗೈತೆ ಅಂದು ನಕ್ಕು, ಹಂಗೇ ಮಲಗಿಬುಟ್ಳು."